ಗುಡ್ಡೆಹೊಸೂರಿಗೆ ಬಂದು ನಿಲ್ಲುವ ನಾಲ್ಕು ಪಥ: ಕುಶಾಲನಗರ ಬೆಳೆಯುತ್ತಿರುವುದು ಯಾರ ಪಾಲಿನಿಂದ?

ಮೈಸೂರು–ಕುಶಾಲನಗರ ಹೆದ್ದಾರಿಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕೊಡಗಿನಲ್ಲಿ ಎರಡು ಮಾತು ಒಟ್ಟೊಟ್ಟಿಗೇ ಕೇಳಿಬರುತ್ತವೆ. ‘ಅಂತೂ ಬೆಂಗಳೂರು ಹತ್ತಿರವಾಯಿತು’ ಎಂಬುದು ಒಂದು. ‘ಇನ್ನು ಕೊಡಗು ಉಳಿದ ಹಾಗೆಯೇ’ ಎಂಬುದು ಇನ್ನೊಂದು. ಎರಡನ್ನೂ ಒಂದೇ ಮನೆಯವರು ಹೇಳುವುದೂ ಉಂಟು. ತೋಟದ ಮನೆಯ ಹಿರಿಯರಿಗೆ ರಾತ್ರಿ ಎದೆನೋವು ಕಾಣಿಸಿಕೊಂಡರೆ ಮೈಸೂರಿನ ಆಸ್ಪತ್ರೆಯನ್ನು ಬೇಗ ಮುಟ್ಟಬೇಕು. ಅದೇ ಮನೆಯವರಿಗೆ ಶನಿವಾರ ಬೆಳಗ್ಗೆ ಗೇಟಿನ ಮುಂದೆ ಹೊರಜಿಲ್ಲೆಯ ಕಾರುಗಳ ಸಾಲು ಬೇಡ. ದೂರದಿಂದ ಓದುವವರಿಗೆ ಇದು ಗೊಂದಲ. ರಸ್ತೆ ಬೇಕೋ ಬೇಡವೋ, ಒಂದು ಹೇಳಬಾರದೇ?

ಈ ಗೊಂದಲವನ್ನು ಬಿಡಿಸಲು ರಸ್ತೆ ಬಂದು ಮುಟ್ಟುವ ಊರಿನಿಂದ ಶುರು ಮಾಡುವುದು ಮೇಲು. ಕೊಡಗು ಎಂದರೆ ಮಂಜು, ಬೆಟ್ಟ, ಏಲಕ್ಕಿ ಎಂದುಕೊಂಡವರಿಗೆ ಕುಶಾಲನಗರ ಕೊಡಗಿನಂತೆ ಕಾಣುವುದೇ ಇಲ್ಲ. ಬಯಲು ನೆಲ, ನೇರ ರಸ್ತೆ, ಮಡಿಕೇರಿಗೆ ಹೋಲಿಸಿದರೆ ತೀರ ಕಡಿಮೆ ಮಳೆ. ಆದರೂ ಜಿಲ್ಲೆಯಲ್ಲಿ ಕಣ್ಣಿಗೆ ಕಾಣುವ ವೇಗದಲ್ಲಿ ಬೆಳೆಯುತ್ತಿರುವ ಊರು ಇದೇ. ಯಾಕೆ ಬೆಳೆಯುತ್ತಿದೆ ಎಂಬುದು ಗೊತ್ತಾದರೆ, ಹೆದ್ದಾರಿಯ ಪರ ಇರುವವರು ಯಾರು, ವಿರೋಧಿಸುವವರು ಯಾರು, ಎರಡೂ ಕಡೆ ಕಾಲಿಟ್ಟವರು ಯಾರು ಎಂಬುದೂ ಗೊತ್ತಾಗುತ್ತದೆ.

ಎರಡು ಯೋಜನೆ, ಒಂದೇ ಸುದ್ದಿ

ಮೊದಲು ಒಂದು ಕಲಬೆರಕೆಯನ್ನು ಬೇರ್ಪಡಿಸಬೇಕು. ‘ಕುಶಾಲನಗರಕ್ಕೆ ಸಂಪರ್ಕ’ ಎಂಬ ತಲೆಬರಹದ ಅಡಿಯಲ್ಲಿ ಬರುವ ಸುದ್ದಿಗಳು ಎರಡು ಬೇರೆ ಬೇರೆ ಯೋಜನೆಗಳಿಗೆ ಸೇರಿದವು.

ಒಂದು ಹೆದ್ದಾರಿ. ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ಸುಳ್ಯದ ಮೂಲಕ ಬಂಟ್ವಾಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರ ಮೈಸೂರು–ಕುಶಾಲನಗರ ಭಾಗವನ್ನು ನಾಲ್ಕು ಪಥ ಮಾಡುವ ಕೆಲಸ ಇದು. ಉದ್ದ 92 ಕಿ.ಮೀ., ಅಂದಾಜು ವೆಚ್ಚ ಸುಮಾರು 4,130 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದ ದಿನವೇ ಇದಕ್ಕೂ ಶಂಕುಸ್ಥಾಪನೆ ಮಾಡಿದರು. ಬೆಂಗಳೂರಿನಿಂದ ಕುಶಾಲನಗರಕ್ಕೆ ಹಿಡಿಯುತ್ತಿದ್ದ ಸುಮಾರು 5 ಗಂಟೆ ಎರಡೂವರೆ ಗಂಟೆಗೆ ಇಳಿಯುತ್ತದೆ ಎಂಬುದು ಆಗ ಸರ್ಕಾರ ಕೊಟ್ಟ ಲೆಕ್ಕ. ಈ ರಸ್ತೆ ಹಳೆಯ ದಾರಿಯನ್ನೇ ಅಗಲ ಮಾಡುವುದಲ್ಲ. ಬಹುಪಾಲು ಹೊಸ ಜಾಡು. ಶ್ರೀರಂಗಪಟ್ಟಣದ ಬಳಿ ಕವಲೊಡೆದು, ಮೈಸೂರು, ಹುಣಸೂರು, ಪಿರಿಯಾಪಟ್ಟಣಗಳನ್ನು ಬದಿಗಿಟ್ಟು, ಕಾವೇರಿಯನ್ನು ದಾಟಿ ಕುಶಾಲನಗರದ ಆಚೆ ಗುಡ್ಡೆಹೊಸೂರಿನ ಬಳಿ ಹಳೆಯ ರಸ್ತೆಗೆ ಸೇರುತ್ತದೆ. ನಾಲ್ಕು ಪಥ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮಡಿಕೇರಿಗೆ ಏರುವುದು ಹಿಂದಿನ ಎರಡು ಪಥದ ರಸ್ತೆಯೇ.

ಇನ್ನೊಂದು ರೈಲು. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಹೊಸ ಮಾರ್ಗದ ಪ್ರಸ್ತಾವ. ಸಮೀಕ್ಷೆ, ಅಂದಾಜು, ಮರು ಅಂದಾಜು, ಮನವಿ ಪತ್ರ, ಪ್ರತಿಭಟನೆ ಎಂದು ವರ್ಷಗಳಿಂದ ಸುದ್ದಿಯಲ್ಲೇ ಓಡುತ್ತಿರುವ ರೈಲು ಇದು. ರಸ್ತೆಗೆ ನೆಲ ಅಗೆದದ್ದನ್ನು ನೋಡಿ ರೈಲೂ ಬಂತು ಎಂದುಕೊಳ್ಳುವುದು, ರೈಲಿನ ವಿರುದ್ಧದ ವಾದವನ್ನು ರಸ್ತೆಗೆ ಹೊರಿಸುವುದು, ಎರಡೂ ನಡೆದಿದೆ.

ಹೆಸರಿನಲ್ಲೇ ಗಡಿ

ಕುಶಾಲನಗರದ ಹೆಸರಿಗೆ ಒಂದು ಜನಪ್ರಿಯ ಕಥೆ ಇದೆ. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ಬಂತಂತೆ; ಖುಷಿಯಿಂದ ಊರಿಗೆ ಕುಶಾಲನಗರ ಎಂದು ಹೆಸರಿಟ್ಟನಂತೆ. ಕಥೆ ಚೆನ್ನಾಗಿದೆ, ಕಾಲ ಹೊಂದುವುದಿಲ್ಲ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಸುಮಾರಿಗೆ. ಹೈದರ್ ಆಗ ಮೈಸೂರು ಸೈನ್ಯದಲ್ಲಿ ಮೇಲೇರುತ್ತಿದ್ದ ಅಧಿಕಾರಿ ಅಷ್ಟೆ; ಕೊಡಗಿನ ಮೇಲೆ ಅವನ ಕಣ್ಣು ಬಿದ್ದದ್ದು ಮೈಸೂರಿನ ಆಡಳಿತ ಅವನ ಕೈಗೆ ಬಂದ ಮೇಲೆ, 1760ರ ದಶಕದಲ್ಲಿ. ಆದರೂ ಕಥೆ ಒಂದು ಸಂಗತಿಯನ್ನು ಸರಿಯಾಗಿ ಹಿಡಿದಿದೆ. ಬೆಟ್ಟದ ರಾಜ್ಯಕ್ಕೆ ಬಯಲಿನವರು ದಂಡು ತಂದರೆ ಮೊದಲು ಬೀಡು ಬಿಡುವ ಜಾಗ ಇದು.

ಎರಡನೆಯ ಹೆಸರಿಗೆ ದಾಖಲೆ ಇದೆ. 1834ರಲ್ಲಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತಮ್ಮದಾಗಿಸಿಕೊಂಡರು. ಆ ಕೆಲಸದ ಮುಂದಾಳಾಗಿದ್ದ ಕರ್ನಲ್ ಫ್ರೇಜರ್ ಹೆಸರು ಈ ಊರಿಗೆ ಅಂಟಿತು, ಫ್ರೇಜರ್‌ಪೇಟೆ. ಹೆಸರಿನ ಕೊನೆಯ ಎರಡು ಅಕ್ಷರವನ್ನು ಗಮನಿಸಿ. ಮಡಿಕೇರಿಗೆ ಕೋಟೆ ಇತ್ತು, ಅರಮನೆ ಇತ್ತು. 1681ರಿಂದ ಅದು ರಾಜಧಾನಿ. ಇಲ್ಲಿದ್ದದ್ದು ಪೇಟೆ. ಆಳುವವರು ಮೇಲೆ, ಕೊಳ್ಳುವವರು ಮಾರುವವರು ಕೆಳಗೆ. ಈ ಹಂಚಿಕೆ ಇಂದಿಗೂ ಪೂರ್ತಿ ಅಳಿದಿಲ್ಲ.

ಗಡಿಯಾದದ್ದು ಹೊಳೆ. ಕಾವೇರಿಯ ಈ ದಡ ಕೊಡಗು, ಆ ದಡದ ಕೊಪ್ಪ ಮೈಸೂರು. ಅರಸರ ಕಾಲದಲ್ಲೂ ಹೀಗೇ, ಬ್ರಿಟಿಷರ ಕಾಲದಲ್ಲೂ ಹೀಗೇ. ಸ್ವಾತಂತ್ರ್ಯದ ಮೇಲೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಷ್ಟು ಕಾಲವೂ ಇದು ರಾಜ್ಯದ ಗಡಿ; ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಆ ಪುಟ್ಟ ರಾಜ್ಯ 1956ರ ನವೆಂಬರ್ 1ರಂದು ಮೈಸೂರಿನಲ್ಲಿ ಸೇರಿದ ಮೇಲೆ ಜಿಲ್ಲೆಯ ಗಡಿ. ಒಂದು ಸೇತುವೆಯ ಎರಡು ತುದಿಯಲ್ಲಿ ಎರಡು ಆಡಳಿತ ಇದ್ದರೆ ನಡುವೆ ವ್ಯಾಪಾರ ಹುಟ್ಟುವುದು ಸಹಜ.

ಆದರೂ ಸುಮಾರು ನೂರು ವರ್ಷ ಈ ಪೇಟೆ ಸಣ್ಣದಾಗಿಯೇ ಉಳಿಯಿತು. ಕಾರಣ, ಕೊಡಗಿನ ಮುಖ ಆಗ ಪಶ್ಚಿಮಕ್ಕಿತ್ತು. ಭತ್ತ ಎತ್ತಿನ ಬೆನ್ನೇರಿ ಘಟ್ಟ ಇಳಿದು ಮಲಬಾರಿಗೆ ಹೋಗುತ್ತಿತ್ತು, ಅದೇ ಎತ್ತಿನ ಬೆನ್ನ ಮೇಲೆ ಉಪ್ಪು ಮೇಲೆ ಬರುತ್ತಿತ್ತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಯುರೋಪಿಯನ್ ಮೊದಲ ದೊಡ್ಡ ಕಾಫಿ ತೋಟ ತೆರೆದ ಮೇಲೂ ಕಾಫಿಯ ದಾರಿ ಸಮುದ್ರದ ಕಡೆಗೇ; ಸಂಸ್ಕರಣೆ ತಲಚೇರಿ, ಮಂಗಳೂರುಗಳಲ್ಲಿ. ಕೊಡಗಿನ ಮುಖ ಪೂರ್ವಕ್ಕೆ ತಿರುಗಿದ್ದು ನಿಧಾನವಾಗಿ. ಮೈಸೂರು ರಸ್ತೆ ಸುಧಾರಿಸಿತು. ಲಾರಿ ಬಂತು. ವಿಲೀನದಿಂದ ಕಚೇರಿ, ಕಾಲೇಜು, ನ್ಯಾಯಾಲಯದ ಓಡಾಟವೆಲ್ಲ ಮೈಸೂರು, ಬೆಂಗಳೂರಿನ ಕಡೆಗೆ ಹೊರಳಿತು. ಹಿತ್ತಿಲ ಬಾಗಿಲಾಗಿದ್ದ ಕುಶಾಲನಗರ ತಲೆಬಾಗಿಲಾದದ್ದು ಹೀಗೆ.

ಕಾಫಿ ಇಳಿಯುವ ಜಾಗ

ಊರಿನ ಹಣದ ಮೊದಲ ಮೂಲ ಕಾಫಿ, ಆದರೆ ಊರಿನಲ್ಲಿ ಕಾಫಿ ತೋಟವಿಲ್ಲ. ತೋಟ ಮೇಲೆ ಇದೆ. ಇಲ್ಲಿಗೆ ಬರುವುದು ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಚೀಲ.

ಇದಕ್ಕೆ ಹವೆಯೇ ಕಾರಣ. ಒಣಗಿಸಿದ ಕಾಫಿಯನ್ನು ಮಳೆನಾಡಿನಲ್ಲಿ ಇಟ್ಟರೆ ತೇವ ಹೀರುತ್ತದೆ, ಬಣ್ಣ ಕೆಡುತ್ತದೆ. ಸಿಪ್ಪೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಕಪ್ಪು ಬೀಜ ಆರಿಸಿ ರಫ್ತಿಗೆ ಸಿದ್ಧ ಮಾಡುವ ಕ್ಯೂರಿಂಗ್ ಕೆಲಸಕ್ಕೆ ಒಣ ಗಾಳಿ, ಸಮತಟ್ಟಾದ ದೊಡ್ಡ ಕಣ, ಲಾರಿ ತಿರುಗುವಷ್ಟು ಜಾಗ ಬೇಕು. ಬೆಟ್ಟಕ್ಕೆ ಹತ್ತಿರವಿದ್ದೂ ಬೆಟ್ಟದ ಮಳೆಯಿಲ್ಲದ ಕುಶಾಲನಗರದಲ್ಲಿ ಮೂರೂ ಸಿಕ್ಕಿದವು. ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ, ಕೂಡಿಗೆಯ ಆಸುಪಾಸಿನಲ್ಲಿ ಕ್ಯೂರಿಂಗ್ ಘಟಕಗಳು ಸಾಲುಗಟ್ಟಿದ್ದು ಈ ಕಾರಣದಿಂದ.

ಎರಡನೆಯ ಕಾರಣ ದೆಹಲಿಯಲ್ಲಿ ಹುಟ್ಟಿತು. 1940ರ ದಶಕದಿಂದ ಕಾಫಿ ಮಾರಾಟ ಕಾಫಿ ಮಂಡಳಿಯ ಕೈಯಲ್ಲಿತ್ತು. ಬೆಳೆಗಾರ ತನ್ನ ಫಸಲನ್ನು ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕು, ಹಣ ಕಂತು ಕಂತಾಗಿ, ಮಂಡಳಿ ಮಾರಿದ ಹಾಗೆಲ್ಲ ಬರುತ್ತದೆ. ಈ ಕಟ್ಟು 1992ರಿಂದ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಬೆಳೆಗಾರ ಯಾರಿಗೆ ಬೇಕಾದರೂ, ಯಾವಾಗ ಬೇಕಾದರೂ ಮಾರಬಹುದು ಎಂದಾದೊಡನೆ ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪಗಳಲ್ಲಿ ಖರೀದಿ ಡಿಪೋಗಳು ಎದ್ದವು. ವರ್ಷಗಟ್ಟಲೆ ಕಂತಿನಲ್ಲಿ ಬರುತ್ತಿದ್ದ ಹಣ ಅದೇ ದಿನ ಕೈಗೆ ಬಂತು. ಅದೇ ದಿನ ಹಣ ಕೈಗೆ ಬಂದವನು ಅದೇ ಪೇಟೆಯಲ್ಲಿ ಗೊಬ್ಬರ, ಪೈಪು, ಸಿಮೆಂಟು, ಚಿನ್ನ ಕೊಳ್ಳುತ್ತಾನೆ. ಊರಿನ ಅಂಗಡಿ ಸಾಲಿನ ಒಂದು ದೊಡ್ಡ ಪಾಲನ್ನು ಕಟ್ಟಿದ್ದು ಈ ಒಂದು ನೀತಿ ಬದಲಾವಣೆ ಎಂದರೆ ಉತ್ಪ್ರೇಕ್ಷೆಯಲ್ಲ.

ಡಿಪೋದಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚೀಲ ಇಳಿದ ಕೂಡಲೇ ಮೊನಚು ಕೊಳವೆ ಚುಚ್ಚಿ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಚೆರ್ರಿ ತೆಗೆಯುತ್ತಾರೆ. ಅದನ್ನು ತೂಗಿ, ಮೇಜಿನ ಮೇಲಿನ ಪುಟ್ಟ ಹಲ್ಲರ್ ಯಂತ್ರಕ್ಕೆ ಹಾಕಿ ಸಿಪ್ಪೆ ಹಾರಿಸಿ, ಉಳಿದ ಬೀಜವನ್ನು ಮತ್ತೆ ತೂಗುತ್ತಾರೆ. 50 ಕೆ.ಜಿ. ಚೆರ್ರಿಗೆ ಎಷ್ಟು ಕೆ.ಜಿ. ಬೀಜ ಎಂಬ ಲೆಕ್ಕವೇ ‘ಔಟ್‌ಟರ್ನ್’. ಬೆಳೆಗಾರರ ಬಾಯಲ್ಲಿ ಓ.ಟಿ. ದರ ನಿಗದಿಯಾಗುವುದು ಓ.ಟಿ. ಪಾಯಿಂಟಿಗೆ ಇಷ್ಟು ಎಂದು. ಉದಾಹರಣೆಗೆ ಪಾಯಿಂಟಿಗೆ 400 ರೂಪಾಯಿ ಇದ್ದ ದಿನ 26 ಓ.ಟಿ. ಬಂದರೆ ಚೀಲಕ್ಕೆ 10,400. 27 ಬಂದರೆ 10,800. ನೂರು ಚೀಲ ತಂದವನಿಗೆ ಆ ಒಂದು ಪಾಯಿಂಟಿನಲ್ಲಿ 40,000 ರೂಪಾಯಿ ಹೋಯಿತು ಅಥವಾ ಬಂತು. ಆಮೇಲೆ ತೇವಾಂಶ ಮಾಪಕದ ಅಂಕಿ ಬೇರೆ. ಬೆಳೆಗಾರನ ಕಣ್ಣು ತಕ್ಕಡಿಯ ಮೇಲೆ, ಖರೀದಿದಾರನ ಕಣ್ಣು ಲಂಡನ್ ಮಾರುಕಟ್ಟೆಯ ರೊಬಸ್ಟಾ ತಳಿಯ ಕಾಫಿಯ ದರ ತೋರಿಸುವ ಮೊಬೈಲ್ ಮೇಲೆ.

2024ರಲ್ಲಿ ರೊಬಸ್ಟಾ ಚೆರ್ರಿಯ ಚೀಲ 10,000 ರೂಪಾಯಿ ದಾಟಿತು; ಅದಕ್ಕೆ ಕೆಲವೇ ವರ್ಷ ಹಿಂದೆ ಅದರ ಅರ್ಧ ಬೆಲೆಯೂ ಇರಲಿಲ್ಲ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಿದ್ದದ್ದು ಕುಶಾಲನಗರದ ಟ್ರ್ಯಾಕ್ಟರ್ ಶೋರೂಮಿಗೆ ಲಾಭವಾಯಿತು. ಆದರೆ ಇಂಥ ಹಣಕ್ಕೆ ಒಂದು ಗುಣವಿದೆ. ಬೆಳೆಗೆ ಮರಳಿದ್ದು ಮರಳಿ, ಸಾಲ ತೀರಿದ್ದು ತೀರಿ, ಮಿಕ್ಕದ್ದು ನೆಲ ಹುಡುಕುತ್ತದೆ.

ಬೆಟ್ಟದಲ್ಲಿ ತೊಡಕು, ಬಯಲಿನಲ್ಲಿ ಸೈಟು

ಆ ಹಣಕ್ಕೆ ಬೆಟ್ಟದಲ್ಲಿ ನೆಲ ಸುಲಭವಾಗಿ ಸಿಗುವುದಿಲ್ಲ. ಕೊಡಗಿನ ಜಮ್ಮಾ ಹಿಡುವಳಿ ರಾಜ್ಯದ ಬೇರೆ ಯಾವ ಜಿಲ್ಲೆಯಲ್ಲೂ ಇಲ್ಲದ ಬಗೆಯದು. ಅರಸರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಕೊಟ್ಟ ಗದ್ದೆ, ಅದಕ್ಕೆ ಸೊಪ್ಪು ಸೌದೆಗೆಂದು ಅಂಟಿಕೊಂಡ ಬಾಣೆ ಎಂಬ ಕಾಡುನೆಲ. ದಾಖಲೆ ಕುಟುಂಬದ ಯಜಮಾನನಾದ ಪಟ್ಟೇದಾರನ ಹೆಸರಿನಲ್ಲಿ. ಪಟ್ಟೇದಾರ ತೀರಿಕೊಂಡು ಎರಡು ತಲೆಮಾರು ಕಳೆದರೂ ಪಹಣಿಯಲ್ಲಿ ಅವನೇ ಇರುವುದುಂಟು. ಬಾಣೆಯ ಒಡೆತನ ಯಾರದೆಂದು ನ್ಯಾಯಾಲಯದಲ್ಲೂ ವಿಧಾನಸೌಧದಲ್ಲೂ ದಶಕಗಟ್ಟಲೆ ಜಗ್ಗಾಟ ನಡೆದಿದೆ. ಮಾರಲು, ಸಾಲ ತೆಗೆಯಲು, ಪಾಲು ಮಾಡಲು ಎಲ್ಲಕ್ಕೂ ಇದು ತೊಡಕು. ಮಾರಲಾಗದ ನೆಲ ಕುಟುಂಬವನ್ನೂ ಕಾಡನ್ನೂ ಎಷ್ಟೋ ಮಟ್ಟಿಗೆ ಕಾಪಾಡಿದೆ ಎಂಬುದೂ ನಿಜ. ಬಯಲಿನ ಸಾಗು ಜಮೀನಿನಲ್ಲಿ ಈ ತೊಡಕು ಕಡಿಮೆ. ಭೂಪರಿವರ್ತನೆ ಮಾಡಿಸಿ, ಬಡಾವಣೆ ಬಿಡಿಸಿ, ಸೈಟು ಮಾರಬಹುದು.

ಆಮೇಲೆ 2018 ಬಂತು. ಆ ಆಗಸ್ಟಿನ ಮಧ್ಯದಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಸುತ್ತಲಿನ ಬೆಟ್ಟಗಳು ಜರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಬೆಟ್ಟದ ಇಳಿಜಾರಿನಲ್ಲಿ ಮನೆ ಕಟ್ಟುವ ಧೈರ್ಯ ಹೋಯಿತು, ಪರಿವರ್ತನೆಯ ನಿಯಮಗಳೂ ಬಿಗಿಯಾದವು. ನಿವೃತ್ತರಾದವರು, ಮಕ್ಕಳ ಶಾಲೆಗೆಂದು ಮನೆ ಮಾಡುವವರು, ತೋಟದಲ್ಲಿ ಆನೆ ಕಾಟಕ್ಕೆ ಬೇಸತ್ತವರು ಕೆಳಗೆ ನೋಡತೊಡಗಿದರು.

ಜಿಲ್ಲೆಯ ಜನಗಣತಿಯನ್ನು ಇದರ ಪಕ್ಕದಲ್ಲಿಟ್ಟರೆ ಚಿತ್ರ ಸ್ಪಷ್ಟ. 2001ರಲ್ಲಿ ಕೊಡಗಿನ ಜನಸಂಖ್ಯೆ 5,48,561, 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಶೇ 1.1ರಷ್ಟು ಏರಿಕೆ. ಅದೇ ಅವಧಿಯಲ್ಲಿ ರಾಜ್ಯದ್ದು ಶೇ 15ಕ್ಕೂ ಹೆಚ್ಚು. ಅಂದರೆ ಜಿಲ್ಲೆ ಬೆಳೆಯುತ್ತಿಲ್ಲ, ಜನ ಜಿಲ್ಲೆಯೊಳಗೂ ಹೊರಕ್ಕೂ ಸರಿಯುತ್ತಿದ್ದಾರೆ. ಒಂದಷ್ಟು ಮಂದಿ ಬೆಂಗಳೂರಿಗೆ, ಒಂದಷ್ಟು ಮಂದಿ ಕುಶಾಲನಗರಕ್ಕೆ. ಸರ್ಕಾರಿ ಸಂಸ್ಥೆಗಳೂ ಅದೇ ಇಳಿಜಾರು ಹಿಡಿದವು. ಕೂಡಿಗೆಗೆ ಸೈನಿಕ ಶಾಲೆ, ಕುಶಾಲನಗರಕ್ಕೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಚಿಕ್ಕಅಳುವಾರಕ್ಕೆ ಕೊಡಗು ವಿಶ್ವವಿದ್ಯಾಲಯ (ಅದನ್ನು ಉಳಿಸುವುದೋ ಮುಚ್ಚುವುದೋ ಎಂಬ ಚರ್ಚೆ ಹುಟ್ಟಿದ ಎರಡೇ ವರ್ಷಕ್ಕೆ ಶುರುವಾಯಿತು, ಅದು ಬೇರೆ ಕಥೆ). ಸೋಮವಾರಪೇಟೆಯಿಂದ ಬೇರ್ಪಡಿಸಿ ಕುಶಾಲನಗರವನ್ನೇ ತಾಲ್ಲೂಕು ಮಾಡಿದ್ದು ಈ ಬೆಳವಣಿಗೆಗೆ ಬಿದ್ದ ಮೊಹರು.

ಇದೇ ಈ ಊರಿನ ಬೆಳವಣಿಗೆಯ ಗುಟ್ಟು. ಬೆಟ್ಟಕ್ಕೆ ಆಗದ್ದನ್ನೆಲ್ಲ ಬಯಲು ಹೊರುತ್ತಿದೆ.

ಹೊಳೆಯಾಚೆಯ ಚಿನ್ನದ ಗುಡಿ

ಊರಿನ ಇನ್ನೊಂದು ಸಂಪಾದನೆ ಪ್ರವಾಸಿಗರದು. ಅದರ ದೊಡ್ಡ ಆಕರ್ಷಣೆ ಇರುವುದು ಕೊಡಗಿನಲ್ಲೇ ಅಲ್ಲ. ಅದು ಇರುವ ಬೈಲುಕುಪ್ಪೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. 1960ರ ದಶಕದ ಆರಂಭದಲ್ಲಿ ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಭೂಮಿ ಕೊಟ್ಟಿತು. ಕಾಡು ಕಡಿದು ಜೋಳ ಬಿತ್ತಿದವರ ನಡುವೆ 1963ರಲ್ಲಿ ಬಿದಿರಿನ ಗುಡಿಯಾಗಿ ಶುರುವಾದ ನಾಮ್ಡ್ರೋಲಿಂಗ್ ಮಠವೇ ಈಗ ಎಲ್ಲರೂ ಹೇಳುವ ‘ಗೋಲ್ಡನ್ ಟೆಂಪಲ್’. ನೋಡುವುದು ಹೊಳೆಯಾಚೆ, ಉಣ್ಣುವುದು ಮಲಗುವುದು ಬಹುಪಾಲು ಹೊಳೆಯೀಚೆ. ಅದಕ್ಕೆ ಕಾವೇರಿ ನಿಸರ್ಗಧಾಮ, ದುಬಾರೆ ಆನೆ ಶಿಬಿರ ಸೇರಿದರೆ ಒಂದು ದಿನದ ಪ್ರವಾಸ ಭರ್ತಿ. ವರ್ಷಕ್ಕೆ ಜಿಲ್ಲೆಯ ಜನಸಂಖ್ಯೆಯ ಹಲವು ಪಟ್ಟು ಪ್ರವಾಸಿಗರು ಬಂದುಹೋಗುವ ಜಿಲ್ಲೆಯಲ್ಲಿ ಬಾಗಿಲಲ್ಲಿ ಕೂತವನಿಗೆ ಏನಾದರೂ ಸಿಕ್ಕೇ ಸಿಗುತ್ತದೆ.

ಯಾರು ಪರ, ಯಾರು ವಿರೋಧ

ವರ್ತಕರು, ವಸತಿಗೃಹದವರು, ಬಡಾವಣೆ ಮಾಡುವವರು ಹೆದ್ದಾರಿಯ ಪರ. ಇವರ ಲೆಕ್ಕ ಸರಳ: ಬೆಂಗಳೂರಿನಿಂದ ಎರಡೂವರೆ ಗಂಟೆಯಾದರೆ ಕುಶಾಲನಗರದ ಸೈಟು ಬೆಂಗಳೂರಿನವನ ವಾರಾಂತ್ಯದ ಮನೆಯಾಗುತ್ತದೆ. ಆಸ್ಪತ್ರೆಯ ವಾದ ಇದಕ್ಕಿಂತ ಭಾರವಾದದ್ದು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ಗಂಭೀರ ರೋಗಿಗಳನ್ನು ಮೈಸೂರಿಗೆ ಸಾಗಿಸುವುದು ತಪ್ಪಿಲ್ಲ. ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನ ಯುವಜನ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಕೂಗೆಬ್ಬಿಸಿದ್ದು ನೆನಪಿರಬಹುದು. ಆ ಆಸ್ಪತ್ರೆ ಬರುವವರೆಗೆ ಒಳ್ಳೆಯ ರಸ್ತೆಯೇ ಆಸ್ಪತ್ರೆ ಎಂಬ ಮಾತಿಗೆ ಎದುರುತ್ತರ ಕೊಡುವುದು ಕಷ್ಟ.

ಪರಿಸರದ ಪರವಾಗಿ ಮಾತನಾಡುವವರು ಕಾವೇರಿಯಿಂದ ಶುರು ಮಾಡುತ್ತಾರೆ. ಬೆಂಗಳೂರು ಕುಡಿಯುವ, ಮಂಡ್ಯ ಉಣ್ಣುವ ನೀರು ಹುಟ್ಟುವುದು ಇಲ್ಲಿನ ಕಾಡು, ಗದ್ದೆ, ನೆರಳಿನ ತೋಟದಲ್ಲಿ. ವೇಗದ ರಸ್ತೆ ಮೊದಲು ನುಂಗುವುದು ಇವನ್ನೇ ಎಂಬುದು ಅವರ ವಾದ. ಮೈಸೂರು–ಕೋಯಿಕ್ಕೋಡ್ ನಡುವಿನ 400 ಕೆ.ವಿ. ವಿದ್ಯುತ್ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿದ್ದನ್ನು ಕಂಡವರಿಗೆ ‘ಇದೊಂದು ಯೋಜನೆ ಮಾತ್ರ’ ಎಂಬ ಸಮಾಧಾನದ ಮೇಲೆ ನಂಬಿಕೆಯಿಲ್ಲ. ಇದರ ಜೊತೆಗೆ ನೆಲ ಹೊರಗಿನವರ ಪಾಲಾಗಿ ಕೊಡವರೂ ಇತರ ಮೂಲನಿವಾಸಿಗಳೂ ತಮ್ಮ ನೆಲದಲ್ಲೇ ಕಡಿಮೆಯಾಗುತ್ತಾರೆ ಎಂಬ ಅಂಜಿಕೆ. ಆ ಅಂಜಿಕೆಯನ್ನು ಗೇಲಿ ಮಾಡುವುದು ಸುಲಭ. ಆದರೆ ಹತ್ತು ವರ್ಷದಲ್ಲಿ ಶೇ 1.1 ಬೆಳೆದ ಜಿಲ್ಲೆಯ ಜನಕ್ಕೆ ಅದು ಬರಿಯ ಭ್ರಮೆಯಲ್ಲ. ಹೊರಗಿನವರಿಗೆ ಮಾರುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಈ ಬಣ ಗಟ್ಟಿಯಾಗಿ ಕೇಳುವುದಿಲ್ಲ.

ಮೂರನೆಯ ದನಿ ಹೆಚ್ಚು ಕೇಳಿಸುವುದಿಲ್ಲ. ಹೊಸ ಜಾಡಿಗೆ ಹೋಗುವ ನೆಲದ ಬಹುಭಾಗ ಕೊಡಗಿನದಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು, ಶುಂಠಿ, ಜೋಳದ ಹೊಲ. ಕೊಡಗಿನ ಪರ–ವಿರೋಧದ ಗದ್ದಲದಲ್ಲಿ ಈ ರೈತರ ಪರಿಹಾರದ ವಿಷಯ ಮೂಲೆಗೆ ಬೀಳುತ್ತದೆ.

ಮೊದಲಿಗೆ ಹೇಳಿದ ಗೊಂದಲ ಇಲ್ಲಿ ಬಿಡಿಸಿಕೊಳ್ಳುತ್ತದೆ. ಹೆದ್ದಾರಿಯ ಲಾಭ ಕಾಣಿಸಿಕೊಳ್ಳುವುದು ಕುಶಾಲನಗರದಲ್ಲಿ, ಭಾರ ಬೀಳುವುದು ಅದರ ಮೇಲಿನ ಬೆಟ್ಟದಲ್ಲಿ ಮತ್ತು ಪಕ್ಕದ ಹೊಳೆಯಲ್ಲಿ. ತೋಟ ಬೆಟ್ಟದಲ್ಲಿದ್ದು ಸೈಟು ಕುಶಾಲನಗರದಲ್ಲಿ ಇರುವವನು ಎರಡು ಮಾತು ಆಡಿದರೆ ಅದು ಇಬ್ಬಂದಿತನವಲ್ಲ, ಅವನ ಆಸ್ತಿಯೇ ಎರಡು ಕಡೆ ಇದೆ.

ನೀರು ಹಿಂದಕ್ಕೆ ನಿಂತಾಗ

ಬಯಲು ಸುರಕ್ಷಿತ ಎಂದು ಇಳಿದವರಿಗೆ ಹೊಳೆ ಬೇರೆ ಪಾಠ ಇಟ್ಟುಕೊಂಡಿತ್ತು. 2018ರಲ್ಲಿ ಬೆಟ್ಟ ಜರಿದ ಅದೇ ಮಳೆಗೆ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಲ್ಲಿ ದೋಣಿ ಓಡಾಡಿತು. 2019ರಲ್ಲಿ ಮತ್ತೆ.

ಕಾರಣ ತಿಳಿಯಲು ಭೂಪಟ ಬೇಕು. ಕಾವೇರಿ ದುಬಾರೆ ಕಡೆಯಿಂದ ಬಂದು ಕುಶಾಲನಗರವನ್ನು ಸವರಿಕೊಂಡು ಉತ್ತರಕ್ಕೆ ಹರಿಯುತ್ತದೆ. ಊರು ದಾಟಿ ಕೆಲವೇ ಕಿಲೋಮೀಟರಿನಲ್ಲಿ ಹಾರಂಗಿ ಹೊಳೆ ಬಂದು ಕೂಡುತ್ತದೆ. ಕೂಡುವ ಜಾಗವೇ ಕೂಡಿಗೆ. ಹಾರಂಗಿಗೆ ಅಣೆಕಟ್ಟು ಇದೆ, ತುಂಬಿದ ಮಟ್ಟ 2,859 ಅಡಿ, ಸಾಮರ್ಥ್ಯ ಬರೀ 8.5 ಟಿಎಂಸಿ. ಮಡಿಕೇರಿ, ಸೋಮವಾರಪೇಟೆ ಕಡೆಯ ಬೆಟ್ಟದ ಮಳೆಯೆಲ್ಲ ಈ ಪುಟ್ಟ ಪಾತ್ರೆಗೆ ಬರುತ್ತದೆ. ಆಗಸ್ಟಿಗೆ ಮುಂಚೆಯೇ ತುಂಬಿ ನಿಂತಿದ್ದರೆ, ಜಡಿಮಳೆ ಬಂದಾಗ ಬಂದಷ್ಟನ್ನೂ ಬಿಡದೆ ಬೇರೆ ದಾರಿಯಿಲ್ಲ. ಹಾಗೆ ಬಿಟ್ಟ ನೀರು ಕೂಡಿಗೆಯಲ್ಲಿ ಅಡ್ಡ ನುಗ್ಗಿದಾಗ, ಅದೇ ಹೊತ್ತಿಗೆ ತುಂಬಿ ಬರುತ್ತಿರುವ ಕಾವೇರಿಗೆ ಸರಾಗವಾಗಿ ಇಳಿಯಲು ಜಾಗ ಇರುವುದಿಲ್ಲ. ನೀರು ಹಿಂದಕ್ಕೆ ನಿಲ್ಲುತ್ತದೆ. ಹಿಂದೆ ಇರುವುದು ಕುಶಾಲನಗರ.

ಗೇಟು ತೆರೆದದ್ದು ತಡವಾಯಿತು, ಒಮ್ಮೆಗೇ ಬಿಟ್ಟರು ಎಂಬ ದೂರು ಇಂದಿಗೂ ಇದೆ. ಬೆಳೆಗೆ ನೀರು ಬೇಕಾದ ಅಚ್ಚುಕಟ್ಟಿನ ರೈತ ಜಲಾಶಯ ಬೇಗ ತುಂಬಲಿ ಎನ್ನುತ್ತಾನೆ, ಬಡಾವಣೆಯವನು ಖಾಲಿ ಇರಲಿ ಎನ್ನುತ್ತಾನೆ. ಎರಡನ್ನೂ ಒಟ್ಟಿಗೆ ಮಾಡುವ ಅಣೆಕಟ್ಟು ಇಲ್ಲ. ಆದರೆ ಒಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮುಳುಗಿದ ಜಾಗದ ಒಂದು ಪಾಲು ಹಿಂದೆ ಗದ್ದೆಯಾಗಿತ್ತು. ಗದ್ದೆಗೆ ಹೊಳೆ ನುಗ್ಗಿದರೆ ಮೆಕ್ಕಲು ಬಿಟ್ಟು ಹೋಗುತ್ತದೆ, ಸೈಟಿಗೆ ನುಗ್ಗಿದರೆ ನಷ್ಟ ಬಿಟ್ಟು ಹೋಗುತ್ತದೆ. ಹೊಳೆ ಬದಲಾಗಲಿಲ್ಲ, ದಡದ ಬಳಕೆ ಬದಲಾಯಿತು. ಹೆದ್ದಾರಿ ಬಂದು ನೆಲದ ಬೆಲೆ ಏರಿದರೆ ಉಳಿದ ಗದ್ದೆಗಳೂ ಅದೇ ದಾರಿ ಹಿಡಿಯುತ್ತವೆ. ಹೊಸ ರಸ್ತೆಯ ಏರಿ ಮತ್ತು ಸೇತುವೆ ಪ್ರವಾಹದ ನೀರಿಗೆ ಎಷ್ಟು ಕಿಂಡಿ ಬಿಟ್ಟಿವೆ ಎಂಬುದೂ ಆಗ ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ.

ರೈಲಿನ ಲೆಕ್ಕ

ರೈಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಗುಣಾಕಾರ ಸಾಕು. ಕೊಡಗಿನ ಕಾಫಿ ಫಸಲು ವರ್ಷಕ್ಕೆ 1.2 ಲಕ್ಷ ಟನ್ ಆಸುಪಾಸು. ಮುಚ್ಚಿದ ವ್ಯಾಗನ್‌ಗಳ ಒಂದು ಪೂರ್ತಿ ಸರಕು ರೈಲು ಸುಮಾರು 2,500 ಟನ್ ಹೊರುತ್ತದೆ ಎಂದಿಟ್ಟುಕೊಳ್ಳಿ. ಇಡೀ ಜಿಲ್ಲೆಯ ಕಾಫಿಗೆ 48 ರೈಲು ಸಾಕು. ವಾರಕ್ಕೆ ಒಂದೂ ತುಂಬುವುದಿಲ್ಲ. ಅದೂ ಕಾಫಿ ಹೋಗುವುದು ಕ್ಯೂರಿಂಗ್ ಘಟಕದ ಬಾಗಿಲಲ್ಲೇ ಕಂಟೇನರ್ ತುಂಬಿಸಿಕೊಂಡು, ಲಾರಿಯ ಮೇಲೆ ನೇರ ಬಂದರಿಗೆ. ಬೆಲೆಯಲ್ಲಿ ಭಾರವಾದ, ತೂಕದಲ್ಲಿ ಹಗುರವಾದ ಸರಕು ರೈಲನ್ನು ಸಾಕುವುದಿಲ್ಲ. ಉಳಿದದ್ದು ಪ್ರಯಾಣಿಕರು. ಅವರಿಗಾಗಿ ರೈಲು ಬೇಕೆನ್ನುವುದು ತಪ್ಪಲ್ಲ, ಆದರೆ ಆಗ ಅದನ್ನು ಪ್ರವಾಸೋದ್ಯಮದ ಯೋಜನೆ ಎಂದೇ ಕರೆದು ಚರ್ಚಿಸಬೇಕು. ಕಾಫಿಯ ಹೆಸರು ಬೇಡ.

ರಸ್ತೆ ಮುಗಿದ ಮೇಲೆ

ಹೆದ್ದಾರಿ ಮಾತ್ರ ಬರುತ್ತಿದೆ. ಬಂದ ಮೇಲೆ ಏನಾಗಬಹುದು ಎಂಬುದಕ್ಕೆ ಹತ್ತಿರದ ಉದಾಹರಣೆ ಬೆಂಗಳೂರು–ಮೈಸೂರು ರಸ್ತೆ. ಅದು ಊರುಗಳನ್ನು ಬಳಸಿಕೊಂಡು ಹೋದ ಮೇಲೆ ಮದ್ದೂರು ವಡೆಯ ಹೋಟೆಲಿನವರೂ ಚನ್ನಪಟ್ಟಣದ ಗೊಂಬೆ ಅಂಗಡಿಯವರೂ ಗಿರಾಕಿ ಕಳೆದುಕೊಂಡರು. ಕಾರು ನಿಲ್ಲಬೇಕಾದ ಜಾಗವೇ ಇಲ್ಲವಾಯಿತು. ಪಿರಿಯಾಪಟ್ಟಣ, ಹುಣಸೂರಿನ ಹಳೆಯ ರಸ್ತೆಬದಿಯ ಹೋಟೆಲುಗಳಿಗೆ ಇದೇ ಗತಿ ಬರುವ ಸಾಧ್ಯತೆ ಹೆಚ್ಚು.

ಕುಶಾಲನಗರದ ವರ್ತಕರು ತಾವು ಹಾಗಲ್ಲ, ತಮ್ಮದು ಕೊನೆಯ ನಿಲ್ದಾಣ ಎಂದು ನಂಬಿದ್ದಾರೆ. ಅರ್ಧ ಸರಿ. ಹೊಸ ರಸ್ತೆ ಮುಗಿಯುವುದು ಗುಡ್ಡೆಹೊಸೂರಿನಲ್ಲಿ, ಪೇಟೆ ಬೀದಿಯಲ್ಲಲ್ಲ. ಚಿನ್ನದ ಗುಡಿ ನೋಡುವವನು ಕೊಪ್ಪದ ಕಡೆಯೇ ಇಳಿಯುತ್ತಾನೆ, ಮಡಿಕೇರಿಗೆ ಹೋಗುವವನು ಊರಿಗೆ ಕಾಲೇ ಇಡುವುದಿಲ್ಲ. ಕಾಫಿಯ ಚೀಲ ಮಾತ್ರ ಎಂದಿನಂತೆ ಬರುತ್ತದೆ, ಏಕೆಂದರೆ ಅದು ಬರುವುದು ಬೆಟ್ಟದಿಂದ. ಪೇಟೆಯ ನಡುವಿನ ಅಂಗಡಿಗಿಂತ ಗುಡ್ಡೆಹೊಸೂರಿನ ಕೂಡುರಸ್ತೆಯ ನೆಲಕ್ಕೆ ಬೆಲೆ ಹೆಚ್ಚಿದರೆ ಅಚ್ಚರಿಪಡಬೇಕಿಲ್ಲ. ಪುರಸಭೆಗೆ ಇದು ತಲೆನೋವು: ಕಸ, ಚರಂಡಿ, ಕುಡಿಯುವ ನೀರಿನ ಹೊಣೆ ಊರಿನದು, ಹೊಸ ತೆರಿಗೆಯ ಒಂದು ಪಾಲು ಊರಿನ ಗೆರೆಯಾಚೆಯ ಪಂಚಾಯಿತಿಗಳಿಗೂ ನದಿಯಾಚೆಯ ಜಿಲ್ಲೆಗೂ.

ಇನ್ನೊಂದು ಪರಿಣಾಮ ಗುಡ್ಡೆಹೊಸೂರಿನಿಂದ ಮೇಲೆ. ನಾಲ್ಕು ಪಥದಲ್ಲಿ ಸುರಿದು ಬಂದ ಕಾರುಗಳು ಅಲ್ಲಿ ಹೂಜಿಯ ಕೊರಳಿಗೆ ಬಂದಂತೆ ಎರಡು ಪಥಕ್ಕೆ ಇಳಿಯಬೇಕು. ಒಂದು ಕವಲು ನಂಜರಾಯಪಟ್ಟಣ, ದುಬಾರೆ, ಸಿದ್ದಾಪುರದ ಕಡೆಗೆ. ಇನ್ನೊಂದು ಸುಂಟಿಕೊಪ್ಪ, ಮಡಿಕೇರಿಯ ಕಡೆಗೆ, ಆನೆಕಾಡು ಮೀಸಲು ಅರಣ್ಯದ ನಡುವಿನಿಂದ. ಹೆಸರೇ ಹೇಳುವಂತೆ ಅಲ್ಲಿ ರಸ್ತೆ ದಾಟುವುದು ಆನೆ. ದೀರ್ಘ ವಾರಾಂತ್ಯಗಳಲ್ಲಿ ಈಗಲೇ ಆ ರಸ್ತೆ ಉಸಿರು ಕಟ್ಟುತ್ತದೆ. ಬೆಂಗಳೂರಿನಿಂದ ಇಲ್ಲಿಗೆ ಎರಡೂವರೆ ಗಂಟೆ, ಇಲ್ಲಿಂದ ಮಡಿಕೇರಿಯ 30 ಕಿ.ಮೀ.ಗೆ ಮತ್ತೆರಡು ಗಂಟೆ ಎಂಬ ದಿನ ಬಂದಾಗ, ‘ಇಷ್ಟೇ ಏಕೆ ಬಿಟ್ಟಿರಿ, ಇದನ್ನೂ ಅಗಲ ಮಾಡಿ’ ಎಂಬ ಬೇಡಿಕೆ ತಾನಾಗಿ ಏಳುತ್ತದೆ. ಬೇಡಿಕೆ ಇಡುವವರಲ್ಲಿ ಇಂದು ಹೆದ್ದಾರಿ ಬೇಡವೆಂದವರೂ ಇರುತ್ತಾರೆ, ಏಕೆಂದರೆ ಆ ಸಾಲಿನಲ್ಲಿ ಅವರ ಮನೆಯ ಆಂಬುಲೆನ್ಸೂ ನಿಂತಿರುತ್ತದೆ.

ಆದ್ದರಿಂದ ಮುಂದಿನ ವರ್ಷಗಳಲ್ಲಿ ಗಮನಿಸಬೇಕಾದದ್ದು ಮೈಸೂರಿನ ಕಡೆಯ ಕಾಮಗಾರಿಯ ಶೇಕಡಾವಾರು ಅಲ್ಲ. ಕೂಡಿಗೆಯಿಂದ ಗುಡ್ಡೆಹೊಸೂರಿನವರೆಗೆ ಹೊಳೆಯ ಪಕ್ಕದ ಎಷ್ಟು ಎಕರೆ ಗದ್ದೆಗೆ ಪರಿವರ್ತನೆಯ ಅರ್ಜಿ ಬಿದ್ದಿದೆ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು. ಆನೆಕಾಡಿನ ರಸ್ತೆ ಅಗಲೀಕರಣದ ಕಡತ ತೆರೆದಿದೆಯೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಕೇಳಬೇಕು.